ಹಳದಿಯೋ ಬಿಳಿಯೋ ಅಂತ ಜಗಳ ಆಡ್ತಾ ಇರಿ, ಸುರಂಗದ ಬಾಯಿ ಕತ್ತಲಾಗೇ ಇರಲಿ

ಭಾಗ 1/8

ಮೊದಲ ಫೋಟೊ ನೋಡಿ. ಆಮೇಲೆ ಸ್ವೈಪ್ ಮಾಡಿ ಎರಡನೇದು ನೋಡಿ. ಒಂದೇ ಸುರಂಗ, ಒಂದೇ ಮಧ್ಯಾಹ್ನ, ನಿಂತ ಜಾಗವೂ ಅದೇ. ಮೊದಲನೇದರಲ್ಲಿ ಒಳಗಿನ ಗೋಡೆ, ದೀಪದ ಸಾಲು, ರಸ್ತೆಯ ಬಿಳಿ ಗೆರೆ ಎಲ್ಲಾ ಚೆಂದ ಕಾಣ್ತಿದೆ. ಎರಡನೇದರಲ್ಲಿ ಬೆಟ್ಟದ ಬುಡಕ್ಕೆ ಮಸಿ ಬಳಿದ ಹಾಗೆ ಒಂದು ಕಪ್ಪು ಕಮಾನು. ಒಳಗೆ ಏನಿದೆಯೋ ದೇವರಿಗೇ ಗೊತ್ತು.

ಮೊದಲನೇದು ಫೋನ್ ತನ್ನ ಬುದ್ಧಿ ಓಡಿಸಿ ತೆಗೆದದ್ದು. ನಾಲ್ಕಾರು ಎಕ್ಸ್‌ಪೋಷರ್ ಸೇರಿಸಿ, ಕತ್ತಲನ್ನು ಎತ್ತಿ, ಬಿಸಿಲನ್ನು ತಗ್ಗಿಸಿ ಹೊಲಿದು ಕೊಟ್ಟಿದೆ. ಎರಡನೇದು ಬಿಸಿಲಿನ ರಸ್ತೆ ಮೇಲೆ ಬೆರಳಿಟ್ಟು ಎಕ್ಸ್‌ಪೋಷರ್ ಲಾಕ್ ಮಾಡಿ ತೆಗೆದದ್ದು. ಗಂಟೆಗೆ 80ರಲ್ಲಿ ಬರ್ತಿರೋ ಡ್ರೈವರ್ ಕಣ್ಣಿಗೆ ಕಾಣೋದು ಈ ಎರಡನೇದಕ್ಕೇ ಹತ್ತಿರ. ಯಾವ ಸುರಂಗ ಅಂತ ಹೇಳಲ್ಲ. ಹೇಳಿದ್ರೆ ಕಾಮೆಂಟ್ ಪೂರ್ತಿ ಆ ಊರಿನ ಶಾಸಕರ ಬಗ್ಗೆ ಆಗಿಬಿಡುತ್ತೆ.

ಸುರಂಗದ ದೀಪದ ಬಗ್ಗೆ ಹೋದ ಸಲ ಹಾಕಿದ ಪೋಸ್ಟಿನ ಕೆಳಗೆ ಎರಡು ಪಾರ್ಟಿ ಆಗಿ ಬಡಿದಾಡಿದ್ದೀರಿ. ಹಳದಿ ಪಾರ್ಟಿ: "ಹಳದಿ ಬೆಳಕು ಕಣ್ಣಿಗೆ ತಂಪು, ಹೊಗೆ ಸೀಳ್ಕೊಂಡು ಹೋಗುತ್ತೆ, ಹಳಬರು ಸುಮ್ನೆ ಹಾಕ್ತಿರಲಿಲ್ಲ." ಬಿಳಿ ಪಾರ್ಟಿ: "ಬಿಳಿ ಅಂದ್ರೆ ಹಗಲಿನ ಬೆಳಕು, ಕಣ್ಣು ಬೇಗ ಹೊಂದ್ಕೊಳ್ಳುತ್ತೆ, ಅದೇ ಸೈನ್ಸು." ಎರಡೂ ಕಡೆಯವರಿಗೆ ಕೈಮುಗಿದು ಹೇಳ್ತೀನಿ: ಸುರಂಗದ ಬಾಯಲ್ಲಿ ಜನ ಕುರುಡಾಗೋದಕ್ಕೂ ದೀಪದ ಬಣ್ಣಕ್ಕೂ ಇರೋ ಸಂಬಂಧ ತೀರಾ ಚಿಕ್ಕದು. ಈ ಜಗಳ ನಡೀತಾ ಇದ್ದಷ್ಟು ದಿನ, ಅಲ್ಲಿ ಬೇಕಾದಷ್ಟು ಬೆಳಕೇ ಹಾಕದವರು ಆರಾಮಾಗಿರ್ತಾರೆ. ಈ ಸರಣಿ ಅದರ ಬಗ್ಗೆ.

ಭಾಗ 2/8

ಮೊದಲು ಕಣ್ಣಿನ ಲೆಕ್ಕ ಮಾಡೋಣ.

ಬಿಸಿಲಿನ ಮಧ್ಯಾಹ್ನ ಸುರಂಗದ ಎದುರಿನ ದೃಶ್ಯ, ಅಂದ್ರೆ ರಸ್ತೆ, ಬಂಡೆ, ಒಂದಿಷ್ಟು ಆಕಾಶ, ಇದರ ಸರಾಸರಿ ಹೊಳಪು ಚದರ ಮೀಟರಿಗೆ 3,000ದಿಂದ 6,000 ಕ್ಯಾಂಡೆಲಾ ಇರೋದು ಮಾಮೂಲು. ಸುರಂಗದ ಒಳಗೆ, ನಡುಭಾಗದಲ್ಲಿ, ಎರಡೋ ಮೂರೋ ಕ್ಯಾಂಡೆಲಾ. ಅಂದ್ರೆ ಸಾವಿರಕ್ಕೂ ಹೆಚ್ಚು ಪಟ್ಟು ವ್ಯತ್ಯಾಸ, ಅದೂ ಕೆಲವೇ ಸೆಕೆಂಡಲ್ಲಿ.

"ಕಣ್ಣಿನ ಪಾಪೆ ದೊಡ್ಡದಾಗುತ್ತಲ್ವಾ?" ಆಗುತ್ತೆ. ಬಿಸಿಲಲ್ಲಿ 2 ಮಿಲಿಮೀಟರ್, ಕಗ್ಗತ್ತಲಲ್ಲಿ ಹೆಚ್ಚೆಂದರೆ 8. ವಿಸ್ತೀರ್ಣ ಲೆಕ್ಕ ಹಾಕಿದರೆ 16 ಪಟ್ಟು, ಅದೂ ಹರೆಯದ ಕಣ್ಣಿಗೆ. ಐವತ್ತು ದಾಟಿದವರ ಪಾಪೆ ಅಷ್ಟು ಅಗಲವಾಗಲ್ಲ. ಸಾವಿರ ಪಟ್ಟು ಕತ್ತಲಿಗೆ ಹದಿನಾರು ಪಟ್ಟಿನ ಕಿಟಕಿ ಎಲ್ಲಿಗೆ ಸಾಕು? ಮೇಲಾಗಿ ಪಾಪೆ ಮುಚ್ಚೋದು ಬೇಗ, ತೆರೆಯೋದು ನಿಧಾನ.

ಉಳಿದ ಕೆಲಸ ರೆಟಿನಾದ್ದು. ಅಲ್ಲಿ ನರಗಳ ಮಟ್ಟದ ಹೊಂದಾಣಿಕೆ ರೆಪ್ಪೆ ಬಡಿಯೋದರೊಳಗೆ ಆಗುತ್ತೆ, ಆದ್ರೆ ಅದಕ್ಕೊಂದು ಮಿತಿ ಇದೆ. ಮಿತಿ ದಾಟಿತೋ, ಕಣ್ಣಿನೊಳಗಿನ ರಾಸಾಯನಿಕ ಮತ್ತೆ ತಯಾರಾಗಬೇಕು. ಬಣ್ಣ ನೋಡೋ ಕೋನ್ ಕೋಶಗಳಿಗೆ ಅದಕ್ಕೆ ನಿಮಿಷಗಳು ಬೇಕು. ಕತ್ತಲಲ್ಲಿ ನೋಡೋ ರಾಡ್ ಕೋಶಗಳಿಗೆ ಇಪ್ಪತ್ತು ಮೂವತ್ತು ನಿಮಿಷ. ಮ್ಯಾಟಿನಿ ಶೋಗೆ ತಡವಾಗಿ ಹೋಗಿ ಪಕ್ಕದವರ ಕಾಲು ತುಳಿದವರಿಗೆಲ್ಲ ಇದು ಗೊತ್ತು. ಟಾಕೀಸಲ್ಲಿ ಕಾಲು ತುಳಿದರೆ ಬೈಗುಳದಲ್ಲಿ ಮುಗಿಯುತ್ತೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕುರುಡು ಶುರುವಾಗೋದು ಒಳಗೆ ಹೋದ ಮೇಲಲ್ಲ, ಹೊರಗೇ. ನೀವಿನ್ನೂ ನೂರು ಮೀಟರ್ ಹಿಂದಿದ್ದೀರಿ, ಸುತ್ತ ಬಿಸಿಲು. ಆ ಬೆಳಕು ನಿಮ್ಮ ಕಣ್ಣಿನೊಳಗೆ, ವಿಂಡ್‌ಶೀಲ್ಡಿನ ಧೂಳಲ್ಲಿ, ಎದುರಿನ ಗಾಳಿಯಲ್ಲಿ ಚದುರಿ, ಸುರಂಗದ ಬಾಯಿ ಮೇಲೆ ಒಂದು ತೆಳು ಪರದೆ ಎಳೆಯುತ್ತೆ. ಒಳಗಿಂದ ಬರೋ ಮಂಕು ಬೆಳಕು ಆ ಪರದೆಯನ್ನು ದಾಟಲ್ಲ. ಒಳಗೆ ನಿಂತಿರೋ ಟೈಲ್ ಲೈಟ್ ಇಲ್ಲದ ಲಾರಿಯೂ ದಾಟಲ್ಲ.

ಭಾಗ 3/8

ಇದಕ್ಕೆ ಮದ್ದು ಹೊಸದೇನಲ್ಲ. 1964ರಲ್ಲೇ ಡಚ್ ಎಂಜಿನಿಯರ್ ಡ್ಯುಕೊ ಶ್ರೋಯ್ಡರ್ ಜನರನ್ನು ಹೊಳೆಯೋ ಪರದೆ ಮುಂದೆ ಕೂರಿಸಿ, ನಡುವೆ ಕತ್ತಲ ಭಾಗದಲ್ಲಿ ಚಿಕ್ಕ ವಸ್ತು ಒಂದನ್ನು ಕ್ಷಣಮಾತ್ರ ತೋರಿಸಿ, ಒಳಗೆ ಎಷ್ಟು ಬೆಳಕಿದ್ದರೆ ಅದು ಕಾಣುತ್ತೆ ಅಂತ ಅಳೆದರು. ಆ ಸಾಲಿನ ಕೆಲಸದಿಂದ ಬೆಳೆದು ಬಂದದ್ದೇ ಅಂತಾರಾಷ್ಟ್ರೀಯ ಬೆಳಕು ಆಯೋಗದ, ಅಂದ್ರೆ ಸಿಐಇಯ, 88ನೇ ಕೈಪಿಡಿ. ನಮ್ಮಲ್ಲೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸುರಂಗ ರಸ್ತೆ ಮಾರ್ಗಸೂಚಿ, ಎಸ್‌ಪಿ 91, 2010ರಲ್ಲಿ ಬಂತು, 2019ರಲ್ಲಿ ಪರಿಷ್ಕರಣೆ ಆಯ್ತು. ಪುಸ್ತಕಕ್ಕೆ ಬರ ಇಲ್ಲ.

ಸಿಐಇ ಹೇಳೋದು ಇಷ್ಟು. ಬ್ರೇಕ್ ಹಾಕಿದರೆ ಗಾಡಿ ನಿಲ್ಲೋ ದೂರ ಎಷ್ಟು? ಬಾಯಿಂದ ಅಷ್ಟು ಹಿಂದೆ ನಿಂತು ಎದುರಿನ 20 ಡಿಗ್ರಿ ದೃಶ್ಯದ ಹೊಳಪು ಅಳೆಯಿರಿ. ಸುರಂಗದೊಳಗೆ ಮೊದಲ ಅಷ್ಟೇ ಉದ್ದವನ್ನು ಥ್ರೆಶೋಲ್ಡ್ ಜೋನ್ ಅಂತಾರೆ. ನಾನು ಹೊಸ್ತಿಲು ಅಂತೀನಿ, ನಮ್ಮ ಪದವೇ ಸರಿಯಾಗಿ ಕೂರುತ್ತೆ. ಈ ಹೊಸ್ತಿಲಲ್ಲಿ ಹೊರಗಿನ ಹೊಳಪಿನ ಶೇಕಡಾ ಇಷ್ಟು ಬೆಳಕು ಇರಲೇಬೇಕು. 1990ರ ಆವೃತ್ತಿಯಲ್ಲಿ ಮಾಮೂಲಿ ದೀಪ ವ್ಯವಸ್ಥೆಗೆ ಕೊಟ್ಟ ಅಂಕಿ: ನಿಲ್ಲೋ ದೂರ 60 ಮೀಟರ್ ಆದ್ರೆ ಶೇಕಡಾ 5, 100 ಮೀಟರ್ ಆದ್ರೆ 6, 160 ಆದ್ರೆ 10.

ಈಗ ಗುಣಿಸಿ. ಹೊರಗೆ 4,000, ನಿಲ್ಲೋ ದೂರ 100 ಮೀಟರ್. ಹೊಸ್ತಿಲಲ್ಲಿ ಬೇಕಾದದ್ದು 240 ಕ್ಯಾಂಡೆಲಾ. ರಾತ್ರಿ ಒಳ್ಳೆ ಬೀದಿದೀಪ ಇರೋ ರಸ್ತೆಯ ಹೊಳಪು ಒಂದೋ ಎರಡೋ. ಅಂದ್ರೆ ಬೀದಿದೀಪದ ನೂರು ಪಟ್ಟಿಗೂ ಹೆಚ್ಚು ಬೆಳಕು, ಸುರಂಗದ ಬಾಯಲ್ಲಿ, ಮಟಮಟ ಮಧ್ಯಾಹ್ನ!

ಇಲ್ಲೇ ನಮ್ಮವರ ತಲೆ ಕೆಡೋದು. "ಹಗಲು ಹೊತ್ತಲ್ಲಿ ಯಾಕ್ರೀ ಅಷ್ಟು ಲೈಟು, ಕರೆಂಟ್ ಬಿಲ್ ಯಾರು ಕಟ್ತಾರೆ?" ಸುರಂಗಕ್ಕೆ ರಾತ್ರಿ ಸುಲಭ. ಹೊರಗೂ ಕತ್ತಲು, ಒಳಗೂ ಹೆಚ್ಚುಕಮ್ಮಿ ಅಷ್ಟೇ, ಒಂದು ಕ್ಯಾಂಡೆಲಾ ಇದ್ರೂ ನಡೆಯುತ್ತೆ. ಕಷ್ಟ ಇರೋದು ಹಗಲಲ್ಲಿ.

ಹೊಸ್ತಿಲು ದಾಟಿದ ಮೇಲೆ ಬೆಳಕು ಮೆಟ್ಟಿಲಿಳಿದ ಹಾಗೆ ಇಳಿಯಬೇಕು, ಬಾವಿಗೆ ಹಾರಿದ ಹಾಗಲ್ಲ. ಹೊಸ್ತಿಲಿನ ಅರ್ಧದವರೆಗೆ ಪೂರ್ತಿ, ಅದರ ಕೊನೆಗೆ ಶೇಕಡಾ 40, ಅಲ್ಲಿಂದ ಹತ್ತು ಸೆಕೆಂಡಿಗೆ ಶೇಕಡಾ 3ರ ಆಸುಪಾಸು, ಇಪ್ಪತ್ತು ಸೆಕೆಂಡಿಗೆ ಶೇಕಡಾ 1 ಚಿಲ್ಲರೆ. 80ರ ವೇಗದಲ್ಲಿ ಇಪ್ಪತ್ತು ಸೆಕೆಂಡು ಅಂದ್ರೆ ನಾನೂರ ನಲವತ್ತು ಮೀಟರ್. ಮುನ್ನೂರು ಮೀಟರಿನ ಸುರಂಗ ಅಂದ್ರೆ ಪೂರ್ತಿ ಸುರಂಗವೇ ಪ್ರವೇಶದ್ವಾರ. ಅಲ್ಲಿ ಈ ಕಡೆಯಿಂದ ಆ ಕಡೆವರೆಗೆ ಒಂದೇ ವ್ಯಾಟಿನ ಫಿಟ್ಟಿಂಗ್, ಒಂದೇ ಅಂತರದಲ್ಲಿ, ದಾರದಲ್ಲಿ ಪೋಣಿಸಿದ ಹಾಗೆ ಕಂಡರೆ ವಿನ್ಯಾಸ ಮಾಡಿದವರಿಗೆ ಕಣ್ಣಿನ ಚಿಂತೆ ಇರಲಿಲ್ಲ ಅಂತ ತಿಳಿಯಿರಿ. ಫೋಟೊಗೆ ಮಾತ್ರ ಬಹಳ ಲಕ್ಷಣ.

ಭಾಗ 4/8

ಈಗ ಬಿಳಿ ಪಾರ್ಟಿ.

ನಾನು ದೀಪದ ಕಸುಬಿನವನು, ಸೇಲ್ಸ್ ಮಾತು ತುಂಬ ಕೇಳಿದ್ದೀನಿ. ಒಂದು ಸಭೆಯಲ್ಲಿ ಒಬ್ಬ ಮಾರಾಟಗಾರ ಮಹಾಶಯರು 6,500 ಕೆಲ್ವಿನ್ ಎಲ್‌ಇಡಿ ತೋರಿಸಿ "ಸರ್, ಇದು ಡೇಲೈಟ್ ಕಲರ್, ಕಣ್ಣಿಗೆ ಹೊರಗೂ ಒಳಗೂ ವ್ಯತ್ಯಾಸವೇ ಗೊತ್ತಾಗಲ್ಲ" ಅಂದರು. ಹೊರಗೆ ಸಾವಿರಾರು, ನೀವು ಕೊಡ್ತಿರೋದು ಎಷ್ಟು ಅಂತ ಕೇಳಿದೆ. ವ್ಯಾಟ್ ಹೇಳಿದರು. ವ್ಯಾಟ್ ಅನ್ನೋದು ಕರೆಂಟಿನ ಲೆಕ್ಕ, ರಸ್ತೆ ಮೇಲಿನ ಹೊಳಪಿನ ಲೆಕ್ಕ ಅಲ್ಲ. ಆ ಪ್ರಶ್ನೆ ಅಲ್ಲೇ ಸತ್ತಿತು, ಕಾಫಿ ಬಂತು.

ಬಿಳಿಯವರ ವಾದದಲ್ಲಿ ಒಂದು ನಿಜ ಇದೆ. ಮಂದ ಬೆಳಕಲ್ಲಿ ರಾಡ್ ಕೋಶಗಳು ಎಚ್ಚರ ಆಗ್ತಾವೆ, ಅವುಗಳಿಗೆ ನೀಲಿ-ಹಸಿರು ಇಷ್ಟ. ಹಗಲಲ್ಲಿ ಕಣ್ಣು ಹೆಚ್ಚು ಸ್ಪಂದಿಸೋದು 555 ನ್ಯಾನೋಮೀಟರಿನ ಹಸಿರು-ಹಳದಿಗೆ, ಕತ್ತಲಲ್ಲಿ 507ಕ್ಕೆ. ಹತ್ತೊಂಬತ್ತನೇ ಶತಮಾನದಲ್ಲೇ ಪುರ್ಕಿನ್ಯೆ ಗಮನಿಸಿದ್ದು ಇದನ್ನೇ: ಮುಸ್ಸಂಜೆ ಆದಂತೆ ಕೆಂಪು ಹೂ ಕಪ್ಪಾಗುತ್ತೆ, ನೀಲಿ ಹೂ ಹೊಳೆಯುತ್ತೆ. ಹಾಗಾಗಿ ಮಂದ ಬೆಳಕಿನ ರಸ್ತೆಯಲ್ಲಿ, ಓರೆಗಣ್ಣಿನ ನೋಟಕ್ಕೆ, ಅಷ್ಟೇ ಲ್ಯೂಮೆನ್ನಿನ ಬಿಳಿ ಬೆಳಕು ಸೋಡಿಯಂಗಿಂತ ಹೆಚ್ಚು ಉಪಯೋಗಿ.

ಆದ್ರೆ ಈ ಲಾಭ ಸಿಗೋದು 5 ಕ್ಯಾಂಡೆಲಾಗಿಂತ ಕೆಳಗೆ. ಹೊಸ್ತಿಲಲ್ಲಿ ನಮಗೆ ಬೇಕಾದದ್ದು ನೂರಾರು. ಅಷ್ಟೇ ಅಲ್ಲ, ಈಗ ತಾನೇ ಬಿಸಿಲಿಂದ ಬಂದ ಕಣ್ಣಲ್ಲಿ ರಾಡ್ ಕೋಶಗಳು ಬಿಳಿಚಿಕೊಂಡು ಮಲಗಿರ್ತಾವೆ. ಅವು ಏಳೋ ಹೊತ್ತಿಗೆ ನೀವು ಮುಂದಿನ ಊರಲ್ಲಿ ಇಡ್ಲಿ ತಿಂತಿರ್ತೀರಿ. ಮಲಗಿದವರಿಗೆ ಇಷ್ಟದ ಬಣ್ಣ ತೋರಿಸಿ ಏನು ಪ್ರಯೋಜನ?

ಇನ್ನೂ ಒಂದು ಇದೆ. ಸುಮಾರು 2002ರಲ್ಲಿ ರೆಟಿನಾದಲ್ಲಿ ಮೂರನೇ ಬಗೆಯ ಬೆಳಕು ಗ್ರಹಿಸೋ ಕೋಶಗಳಿವೆ ಅಂತ ಖಚಿತ ಆಯ್ತು. 480 ನ್ಯಾನೋಮೀಟರಿನ ನೀಲಿಗೆ ಅವು ಹೆಚ್ಚು ಸ್ಪಂದಿಸ್ತಾವೆ, ಪಾಪೆಯನ್ನು ಕಿರಿದಾಗಿ ಹಿಡಿದಿಡೋದರಲ್ಲಿ ಅವುಗಳ ಕೈವಾಡ ಇದೆ. ಪಾಪೆ ತೆರೀಬೇಕಾದ ಜಾಗದಲ್ಲಿ ನೀಲಿ ಜಾಸ್ತಿ ಇರೋ ಬೆಳಕು ಅದನ್ನು ಸ್ವಲ್ಪ ಮುಚ್ಚುತ್ತೆ. ಪರಿಣಾಮ ಚಿಕ್ಕದು, ಒಪ್ತೀನಿ. ಆದ್ರೆ "ತಣ್ಣನೆ ಬಿಳಿ ಹಾಕಿದ್ರೆ ಕಣ್ಣು ಬೇಗ ಹೊಂದ್ಕೊಳ್ಳುತ್ತೆ" ಅಂತ ಬ್ರೋಷರ್ ಹೇಳಿದ್ರೆ, ಆ ಚಿಕ್ಕ ಪರಿಣಾಮವೂ ಉಲ್ಟಾ ದಿಕ್ಕಲ್ಲಿದೆ. ವಯಸ್ಸಾದವರಿಗಂತೂ 6,500ರ ಬರಿಗಣ್ಣಿಗೆ ಬಡಿಯೋ ಎಲ್‌ಇಡಿ ಒಂದು ಶಿಕ್ಷೆ.

ಭಾಗ 5/8

ಹಳದಿ ಪಾರ್ಟಿಯವರು ನಗ್ತಾ ಇದ್ರೆ ನಿಲ್ಲಿಸಿ.

ಜಪಾನಿನ ಕಿತ್ತಳೆ ಬಣ್ಣದ ಸುರಂಗದ ಫೋಟೊಗಳನ್ನ ಎಷ್ಟು ಸಲ ಟ್ಯಾಗ್ ಮಾಡ್ತೀರಿ! ಅದು ಲೋ ಪ್ರೆಷರ್ ಸೋಡಿಯಂ ದೀಪ. 589 ನ್ಯಾನೋಮೀಟರಿನ ಒಂದೇ ಹಳದಿ, ಬೇರೆ ಬಣ್ಣವೇ ಇಲ್ಲ. ಆ ಕಾಲದಲ್ಲಿ ಒಂದು ವ್ಯಾಟಿಗೆ ಅಷ್ಟು ಬೆಳಕು ಕೊಡೋ ಇನ್ನೊಂದು ದೀಪ ಇರಲಿಲ್ಲ, ಬಾಳಿಕೆಯೂ ಚೆನ್ನಾಗಿತ್ತು, ಡೀಸೆಲ್ ಮಸಿಯ ಗಾಳಿಯಲ್ಲಿ ಅಂಚುಗಳು ಸ್ಪಷ್ಟ ಕಾಣ್ತಿದ್ದವು. ಹಳಬರು ಹಾಕಿದ್ದು ಲೆಕ್ಕ ಮಾಡಿಯೇ. ಈಗ ಅಲ್ಲೇ ಅವನ್ನು ಕಿತ್ತು ಬಿಳಿ ಎಲ್‌ಇಡಿ ಹಾಕ್ತಿದ್ದಾರೆ, ಅದೂ ಲೆಕ್ಕ ಮಾಡಿಯೇ.

"ಮಂಜನ್ನ ಹಳದಿ ಸೀಳುತ್ತೆ" ಅನ್ನೋದು ಘಾಟಿ ರಸ್ತೆಯಲ್ಲಿ ಎಲ್ಲ ಡ್ರೈವರಣ್ಣಂದಿರ ಬಾಯಲ್ಲೂ ಇರೋ ಮಾತು. ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಎಷ್ಟೋ ಪಟ್ಟು ದಪ್ಪ. ಅಷ್ಟು ದಪ್ಪದ ಹನಿ ಹಳದಿಯನ್ನೂ ನೀಲಿಯನ್ನೂ ಹೆಚ್ಚುಕಮ್ಮಿ ಒಂದೇ ಥರ ಚದುರಿಸುತ್ತೆ. ಅದಕ್ಕೇ ಮಂಜು ಬೆಳ್ಳಗೆ ಕಾಣೋದು. ಹೊಗೆಯ ಸಣ್ಣ ಕಣಗಳ ವಿಷಯ ಬೇರೆ, ಅಲ್ಲಿ ಹಳದಿಗೆ ಸ್ವಲ್ಪ ಅನುಕೂಲ ಉಂಟು. ಆ ಅನುಕೂಲಕ್ಕಿಂತ ಜೆಟ್ ಫ್ಯಾನ್ ರಿಪೇರಿ ಮಾಡಿಸಿ ಹೊಗೆ ಹೊರಹಾಕೋದು ಉತ್ತಮ.

ಆ ಕಿತ್ತಳೆ ಬೆಳಕಲ್ಲಿ ಕಳ್ಕೊಳ್ಳೋದು ಏನು ಗೊತ್ತಾ? ಬಣ್ಣ. ಕೆಂಪು ಕಾರು ಕಂದು-ಬೂದಿ. ಗೋಡೆಯ ಮೇಲಿನ ಕೆಂಪು ಫೈರ್ ಬಾಕ್ಸ್ ಗೋಡೆಯ ಬಣ್ಣಕ್ಕೇ ಸೇರಿಹೋಗುತ್ತೆ. ರಸ್ತೆ ಮೇಲೆ ಚೆಲ್ಲಿದ್ದು ರಕ್ತವೋ ಆಯಿಲ್ಲೋ ತಿಳಿಯಲ್ಲ. ಬ್ರೇಕ್ ಲೈಟ್ ಮಾತ್ರ ಸ್ವಂತ ಬೆಳಕಿರೋದರಿಂದ ಕೆಂಪಾಗೇ ಕಾಣುತ್ತೆ, ಆ ಬಗ್ಗೆ ಓಡಾಡ್ತಿರೋ ಫಾರ್ವರ್ಡ್ ಸುಳ್ಳು.

"ಕಣ್ಣಿಗೆ ತಂಪು" ಅಂದಿರಲ್ಲ, ಅದಕ್ಕೂ ಒಂದು ಮಾತು. ಕಣ್ಣು ಬಣ್ಣಕ್ಕೆ ಒಗ್ಗಿಕೊಳ್ಳೋದು ಬಹಳ ಬೇಗ, ಒಂದು ನಿಮಿಷದೊಳಗೆ ಬಹುಪಾಲು ಮುಗಿದಿರುತ್ತೆ. ಮನೇಲಿ ಹಳದಿ ಬಲ್ಬಿನ ಕೆಳಗೂ ಅನ್ನ ನಿಮಗೆ ಬೆಳ್ಳಗೇ ಕಾಣುತ್ತಲ್ಲ, ಅದೇ ಕೆಲಸ. ಬಣ್ಣಕ್ಕೆ ಹೊಂದಿಕೊಳ್ಳೋದು ಬೇರೆ, ಹೊಳಪಿಗೆ ಹೊಂದಿಕೊಳ್ಳೋದು ಬೇರೆ. ಎರಡೂ ಪಾರ್ಟಿ ಈ ಎರಡನ್ನು ಕಲಸಿ ಸಾಂಬಾರ್ ಮಾಡಿದ್ದೀರಿ.

ಭಾಗ 6/8

ಹಾಗಾದ್ರೆ ಬಣ್ಣ ದಂಡವೇ? ಇಲ್ಲಪ್ಪ. ಉದ್ದದ ಸುರಂಗದ ನಡುಭಾಗದಲ್ಲಿ ಬಣ್ಣಕ್ಕೆ ಕೆಲಸ ಇದೆ. ನಾರ್ವೆಯ ಲಾರ್ಡಾಲ್ ಸುರಂಗ 24.5 ಕಿಲೋಮೀಟರ್, 2000ದಲ್ಲಿ ತೆರೆದದ್ದು. ಒಳಗೆ ಮೂರು ಕಡೆ ದೊಡ್ಡ ಗುಹೆ ಕೊರೆದು ನೀಲಿ ಬೆಳಕು, ಬುಡದಲ್ಲಿ ಹಳದಿ ಹಾಕಿದ್ದಾರೆ, ಬೆಳಗಾಗೋ ಹೊತ್ತಿನ ಆಕಾಶದ ಹಾಗೆ. ಅದು ಡ್ರೈವರಿಗೆ ತೂಕಡಿಕೆ, ಗಾಬರಿ ಬರದಿರಲಿ ಅಂತ, ಅಂದ್ರೆ ಮನಸ್ಸಿಗೆ. ಅದರ ರೀಲ್ ನೋಡಿ ನಮ್ಮ ಐನೂರು ಮೀಟರಿನ ಸುರಂಗದ ಬಾಯಿಗೆ ನೇರಳೆ ಪಟ್ಟಿ ಹಚ್ಚೋದು ಅಲಂಕಾರ ಅಷ್ಟೇ.

ಅಲಂಕಾರ ಅಂದಾಗ ನೆನಪಾಯ್ತು. ನಾಲ್ಕನೇ ಫೋಟೊ ನೋಡಿ, ಬೆಳ್ಳಗೆ ಸುಣ್ಣ ಬಳಿದ ಹಾಗಿರೋ ಪೋರ್ಟಲ್, ಮೇಲೆ ಚಿತ್ತಾರ. ಚೆಂದ. ಬಿಸಿಲಿಗೆ ಅದು ಕನ್ನಡಿಯಂತೆ ಹೊಳೆದು, ಹೊರಗಿನ ಹೊಳಪು ಏರಿಸಿ, ಬಾಯನ್ನು ಇನ್ನಷ್ಟು ಕಪ್ಪಾಗಿಸುತ್ತೆ. ಹೊರಗಿನ ಗೋಡೆ ಕಪ್ಪು ಕಲ್ಲಿರಲಿ, ಬಳ್ಳಿ ಹಬ್ಬಲಿ, ಮರ ಇರಲಿ. ಒಳಗಿನ ಗೋಡೆ ಎರಡು ಮೀಟರ್ ಎತ್ತರದವರೆಗೆ ಬೆಳ್ಳಗಿರಲಿ, ಆಗಾಗ ತೊಳೀರಿ. ನಾವು ಮಾಡೋದು ತದ್ವಿರುದ್ಧ: ಹೊರಗೆ ಮದುವೆ ಮಂಟಪ, ಒಳಗೆ ಹೊಗೆಗೂಡು. ಅಟಲ್ ಸುರಂಗದ ಉತ್ತರದ ಬಾಯಲ್ಲಿ, ಮೂರು ಸಾವಿರ ಮೀಟರ್ ಮೇಲೆ, ಈ ಬಿಳಿ ಗೋಡೆಯ ಕೆಲಸವನ್ನು ಚಳಿಗಾಲದಲ್ಲಿ ಹಿಮವೇ ಮಾಡುತ್ತೆ. ಅದನ್ನು ತಪ್ಪಿಸೋಕಾಗಲ್ಲ. ಸುಣ್ಣ ತಪ್ಪಿಸಬಹುದು.

ಭಾಗ 7/8

ಕಾಮೆಂಟಿನ ಪ್ರಶ್ನೆಗಳಿಗೆ ಚುಟುಕಾಗಿ.

"ಅಣ್ಣಾ, ಕೂಲಿಂಗ್ ಗ್ಲಾಸ್ ಹಾಕಿದ್ರೆ ಕಣ್ಣು ಮೊದಲೇ ಕತ್ತಲಿಗೆ ರೆಡಿ ಆಗಲ್ವಾ?" ಒಳಗೆ ಹೋಗ್ತಿದ್ದ ಹಾಗೆ ತೆಗೆದರೆ ಸ್ವಲ್ಪ ಲಾಭ. ಹಾಕ್ಕೊಂಡೇ ಹೋದ್ರೆ ಹೊರಗೂ ಒಳಗೂ ಒಂದೇ ಪ್ರಮಾಣದಲ್ಲಿ ಕತ್ತಲಾಗುತ್ತೆ, ವ್ಯತ್ಯಾಸ ಹಾಗೇ ಉಳಿಯುತ್ತೆ. ಮಾಮೂಲಿ ಕಪ್ಪು ಕನ್ನಡಕ ಬಿಡೋದು ನೂರಕ್ಕೆ 8ರಿಂದ 18 ಭಾಗ ಬೆಳಕು. ಮೂರು ಕ್ಯಾಂಡೆಲಾ ಇದ್ದದ್ದು ಹೆಚ್ಚೆಂದರೆ ಅರ್ಧ ಕ್ಯಾಂಡೆಲಾದ ಆಸುಪಾಸಿಗೆ ಇಳೀತು. ಬೈಕಿನವರ ಸ್ಮೋಕ್ ವೈಸರ್ರಿಗೂ ಇದೇ ಲೆಕ್ಕ, ಅದನ್ನ ಎತ್ತಿ ಹೋಗಿ.

"ಬಿಸಿಲಿಗೆ ತಾನೇ ಕಪ್ಪಾಗೋ ಕನ್ನಡಕ?" ಕಪ್ಪಾಗೋಕೆ ಒಂದು ನಿಮಿಷವೂ ಬೇಡ, ತಿಳಿಯಾಗೋಕೆ ನಿಮಿಷಗಟ್ಟಲೆ ಬೇಕು. ಕಾರಿನ ಗಾಜಿನ ಹಿಂದೆ ಅದು ಅಷ್ಟಾಗಿ ಕಪ್ಪಾಗಲ್ಲ, ಯುವಿ ಒಳಗೆ ಬರಲ್ಲ. ದ್ವಿಚಕ್ರದವರು ಹುಷಾರು.

"ನೈಟ್ ವಿಷನ್‌ಗೆ ಕೆಂಪು ಬೆಳಕು ಒಳ್ಳೇದಂತೆ, ಸುರಂಗಕ್ಕೂ ಕೆಂಪು ಹಾಕಿದ್ರೆ?" ಅದು ಎರಡನೇ ಮಹಾಯುದ್ಧದ ಪೈಲಟ್‌ಗಳ ಕಥೆ. ರಾತ್ರಿ ಹಾರೋಕೆ ಮುಂಚೆ ಕೆಂಪು ಗಾಜಿನ ಕನ್ನಡಕ ಹಾಕಿ ಅರ್ಧ ಗಂಟೆ ಕೂತು ರಾಡ್ ಕೋಶ ಉಳಿಸಿಕೊಳ್ತಿದ್ದರು. ನಿಮ್ಮ ಹತ್ರ ಇರೋದು ನಾಲ್ಕು ಸೆಕೆಂಡು.

"ಅಪ್ಪನಿಗೆ 64, ಸುರಂಗ ಬಂದ್ರೆ ಸ್ಟೀರಿಂಗ್ ಬಿಗಿಯಾಗಿ ಹಿಡೀತಾರೆ, ಬೈಕೋಬೇಕಾ?" ಬೈಬೇಡಿ ಪುಟ್ಟಾ. ಅರವತ್ತರ ಕಣ್ಣಿನ ರೆಟಿನಾಗೆ ತಲುಪೋದು ಇಪ್ಪತ್ತರ ಕಣ್ಣಿಗೆ ತಲುಪೋ ಬೆಳಕಿನ ಸುಮಾರು ಮೂರನೇ ಒಂದು ಭಾಗ. ಅಪ್ಪಾಜಿ ಹೆದರ್ತಿರೋದು ಸರಿಯಾಗಿಯೇ ಇದೆ. ವಿಂಡ್‌ಶೀಲ್ಡ್ ಒಳಗೂ ಹೊರಗೂ ಒರೆಸಿ ಕೊಡಿ, ಹೆಡ್‌ಲೈಟ್ ಹಾಕಿಕೊಳ್ಳಲಿ, ಹಿಂದಿನವನು ಹಾರ್ನ್ ಹೊಡೆದರೆ ಹೊಡೀಲಿ.

ಭಾಗ 8/8

ಯಾಕೆ ಈಗಲೇ ಇಷ್ಟು ಕೂಗಾಡ್ತಿದ್ದೀನಿ ಅಂದ್ರೆ, ಸುರಂಗ ಈಗ ದೂರದ ಹಿಮಾಲಯದ ವಿಷಯ ಆಗಿ ಉಳಿದಿಲ್ಲ. ಕಾರವಾರ-ಬಿಣಗಾ ಮಧ್ಯೆ ಹೆದ್ದಾರಿ 66ರಲ್ಲಿ ಇದೆ. ತ್ರಿಶೂರ್ ಕಡೆ ಹೋಗೋ ಬೆಂಗಳೂರಿನವರು ಕುದಿರಾನ್ ದಾಟ್ತೀರಿ. ಅಲ್ಲೇ 2022ರ ಜನವರಿಯಲ್ಲಿ ಹಿಂದಿನ ತೊಟ್ಟಿ ಎತ್ತಿಕೊಂಡೇ ಓಡಿದ ಟಿಪ್ಪರ್ ಒಂದು ನೂರರ ಆಸುಪಾಸು ದೀಪ ಒಡೆದುಹಾಕಿತ್ತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಯ ಪ್ರಸ್ತಾಪ. ಅದು ಬೇಕೋ ಬೇಡವೋ ಅನ್ನೋ ಜಗಳ ಬೇರೆ, ಅದರಲ್ಲಿ ನನ್ನ ಪಕ್ಷ ಯಾವುದು ಅಂತ ಹಳೇ ಪೋಸ್ಟ್ ಓದಿದವರಿಗೆ ಗೊತ್ತು. ಬೇಡ ಅನ್ನೋರೂ ಕೇಳಲೇಬೇಕಾದ ಪ್ರಶ್ನೆ ಇದು. ನಗರದೊಳಗಿನ ಸುರಂಗಕ್ಕೆ ಎರಡೇ ಬಾಯಿ ಇರಲ್ಲ, ಮಧ್ಯೆ ಇಳಿಯೋ ಪ್ರತಿ ರ‍್ಯಾಂಪೂ ಒಂದೊಂದು ಹೊಸ್ತಿಲು.

ಟೆಂಡರ್ ಕಾಗದದಲ್ಲಿ "ಎಲ್‌ಇಡಿ, 5,700 ಕೆಲ್ವಿನ್, ಇಷ್ಟು ವ್ಯಾಟ್, ಇಷ್ಟು ಸಂಖ್ಯೆ" ಅಂತಷ್ಟೇ ಬರೆದಿದ್ದರೆ ಸಾಲದು. ನೀವು ಪತ್ರಕರ್ತರಾಗಿದ್ದರೆ, ವಾರ್ಡಿನ ಸಭೆಗೆ ಹೋಗೋರಾಗಿದ್ದರೆ, ಆರ್‌ಟಿಐ ಹಾಕೋ ಚಟ ಇದ್ದರೆ, ಇವನ್ನು ಕೇಳಿ. ಪ್ರತಿ ಬಾಯಿಗೂ ಹೊರಗಿನ ಹೊಳಪು ಎಷ್ಟು ಅಂತ ಅಂದಾಜು ಮಾಡಿದ್ದೀರಿ, ಯಾವ ತಿಂಗಳು, ಯಾವ ಹೊತ್ತಿಗೆ? ಹೊಸ್ತಿಲಲ್ಲಿ ಎಷ್ಟು ಕ್ಯಾಂಡೆಲಾ? ಹೊರಗೆ ಹೊಳಪು ಅಳೆಯೋ ಮೀಟರ್ ಇದೆಯಾ, ಜುಲೈನ ಮೋಡಕ್ಕೂ ಮಾರ್ಚಿನ ಬಿಸಿಲಿಗೂ ದೀಪ ತಾನಾಗೇ ಹೆಚ್ಚುಕಮ್ಮಿ ಆಗುತ್ತಾ, ಅಥವಾ ಒಬ್ಬರು ಬಂದು ಸ್ವಿಚ್ ಒತ್ತಬೇಕಾ? ಕರೆಂಟ್ ಹೋದರೆ ಎಷ್ಟು ದೀಪ ಉರಿಯುತ್ತೆ? ದೀಪಗಳ ಅಂತರದಿಂದ ಕಣ್ಣಿಗೆ ಮಿಣಮಿಣ ಆಗಲ್ಲ ತಾನೇ? 60ರ ವೇಗದಲ್ಲಿ ಎರಡೂವರೆ ಮೀಟರಿಗೊಂದು ಬಿಡಿ ದೀಪ ಇದ್ದರೆ ಸೆಕೆಂಡಿಗೆ ಆರೇಳು ಸಲ ಮಿನುಗಿದ ಹಾಗಾಗುತ್ತೆ. ಸಿಐಇ ಬೇಡ ಅನ್ನೋದು ಸರಿಯಾಗಿ ಅದನ್ನೇ, 4ರಿಂದ 11ರ ನಡುವಿನ ಮಿನುಗು. ಮಸಿ ಹಿಡಿದ ಗಾಜನ್ನು ತೊಳೆಯೋ ಕಾಂಟ್ರ್ಯಾಕ್ಟ್ ಯಾರದ್ದು, ವರ್ಷಕ್ಕೆ ಎಷ್ಟು ಸಲ?

ಬಣ್ಣದ ಬಗ್ಗೆ ಕೇಳಿದ್ರೆ "4,000 ಕೆಲ್ವಿನ್, ಬಣ್ಣ ಗುರುತು ಸಿಗೋವಂಥದ್ದು ಹಾಕಿ ಸ್ವಾಮಿ" ಅಂತ ಒಂದೇ ಸಾಲಲ್ಲಿ ಮುಗಿಸಿ, ಮೇಲಿನ ಪ್ರಶ್ನೆಗಳಿಗೆ ವಾಪಸ್ ಬನ್ನಿ.

ನಿಮ್ಮೂರ ಕಡೆ ಸುರಂಗ, ಉದ್ದದ ಅಂಡರ್‌ಪಾಸ್ ಇದ್ದರೆ ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ, ಗಾಡಿ ಪಕ್ಕಕ್ಕೆ ಸುರಕ್ಷಿತವಾಗಿ ನಿಲ್ಲಿಸಿ, ರಸ್ತೆಯ ಹೊರಗೆ ನಿಂತು, ಬಿಸಿಲಿನ ಭಾಗಕ್ಕೆ ಎಕ್ಸ್‌ಪೋಷರ್ ಲಾಕ್ ಮಾಡಿ ಒಂದು ಫೋಟೊ ತೆಗೆದು ಕಳಿಸಿ. ಫಿಲ್ಟರ್ ಬೇಡ. ಜಾಗದ ಹೆಸರು, ಸಮಯ ಬರೀರಿ. ಬಂದದ್ದನ್ನೆಲ್ಲ ಭಾನುವಾರ ಸ್ಟೋರಿಗೆ ಹಾಕ್ತೀನಿ.

#ಸುರಂಗ #ಹೊಸ್ತಿಲಬೆಳಕು #ರಸ್ತೆಸುರಕ್ಷತೆ #ಕನ್ನಡದಲ್ಲಿವಿಜ್ಞಾನ